ಬುಟ್ಟಿಗೆ ಬಾಡಿಗೆ, ಕಾರಿಗೆ ಪುಕ್ಕಟೆ

ಈ ಕಡೆ ಬಂದು ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೀತಾನೇ ಇದೆ. ಬರೆದು ಇಳಿಸಿಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಪಕ್ಕದಲ್ಲಿ ಚಹಾ ಇಟ್ಟುಕೊಳ್ಳಿ :-)

ನಮ್ಮೂರು ಸಾಯಗಾಂವ. ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ. ನಮ್ಮ ಕಡೆ ದೀಪಾವಳಿಗಿಂತ ಎಳ್ಳ ಅಮಾವಾಸ್ಯೆಯ ಸಡಗರ ಒಂದು ಕೈ ಹೆಚ್ಚು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ, ಬಂಧುಬಳಗವೆಲ್ಲ ಕೂತು ಸಜ್ಜೆ ರೊಟ್ಟಿ, ಭಜ್ಜಿ ಊಟ ಮಾಡೋ ಹಬ್ಬ. ಈ ಭಜ್ಜಿ ಎಣ್ಣೆಯಲ್ಲಿ ಕರಿಯೋ ಭಜಿ ಅಲ್ಲ ಮತ್ತೆ! ಹಸಿ ಕಾಳು, ಮೆಂತ್ಯ, ಪಾಲಕ್, ಸಿಕ್ಕ ತರಕಾರಿಯನ್ನೆಲ್ಲ ಸೇರಿಸಿ ಕುದಿಸಿ ಮಾಡೋದು. ಹಾಗಾಗಿ ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಅವ್ವನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹತ್ತಿರದ ಪೇಟೆಯೊಂದಕ್ಕೆ ಹೋದೆ. ಊರಿನ ಹೆಸರು ಬೇಡ. ಭಾಲ್ಕಿಯೋ ಔರಾದೋ ಬೀದರೋ ಉದಗೀರವೋ, ಯಾವುದಾದರೂ ಅಂದುಕೊಳ್ಳಿ, ಕತೆ ಎಲ್ಲಾ ಕಡೆ ಇದೇ. ಬೈಕ್ ನಿಲ್ಲಿಸೋಕೆ ಜಾಗ ಹುಡುಕ್ತಾ ಮೂರು ಸುತ್ತು ಹಾಕಿದೆ. ಕೊನೆಗೆ ಯಾರದೋ ಮುಚ್ಚಿದ ಅಂಗಡಿ ಮುಂದೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ದೇವರ ಮೇಲೆ ಭಾರ ಹಾಕಿ ಬಂದೆ.

ಅವ್ವ ಒಬ್ಬ ಮಾವಶಿಯ ಹತ್ತಿರ ಮೆಂತ್ಯದ ಚೌಕಾಸಿ ನಡೆಸಿದ್ದಳು. ಅಷ್ಟರಲ್ಲಿ ತೈಬಜಾರಿ ವಸೂಲಿಯ ಹುಡುಗ ಬಂದ. ಅವಳು ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು, ಅವನು ಚೀಟಿ ಹರಿದು ಕೊಟ್ಟ. ಹತ್ತು ನಿಮಿಷ ಆಗಿರಲಿಲ್ಲ, ಹಿಂದಿನ ದೊಡ್ಡ ಅಂಗಡಿಯಿಂದ ಕೆಲಸದ ಹುಡುಗ ಓಡಿ ಬಂದ.

"ಏ ಮಾವಶಿ, ಜರಾ ಆ ಕಡಿ ಸರಕೋ. ಗಿರಾಕಿ ಗಾಡಿ ಬಂದದ."

"ಈಗೇ ರೊಕ್ಕಾ ಕೊಟ್ಟೀನಲ್ಲೋ ತಮ್ಮಾ, ಚೀಟಿ ನೋಡು."

"ಚೀಟಿ ನಂಗ್ಯಾಕ ತೋರಸ್ತಿ? ನಾ ಏನ್ ಕೊಟ್ಟೀನಾ ಚೀಟಿ?"

ಮಾವಶಿ ಏನೂ ಅನ್ನಲಿಲ್ಲ. ಗೋಣಿತಾಟಿನ ನಾಲ್ಕು ಮೂಲೆ ಹಿಡಿದು ಸೊಪ್ಪನ್ನೆಲ್ಲ ಗಂಟು ಮಾಡಿಕೊಂಡು ಎದ್ದಳು. ಆ ಜಾಗಕ್ಕೆ ಬಿಳಿ ಬಣ್ಣದ ದೊಡ್ಡ ಕಾರು ಬಂದು ನಿಂತಿತು. ನಾವು ಎಲ್ಲಾ ಖರೀದಿ ಮುಗಿಸಿ ವಾಪಸ್ ಬಂದಾಗಲೂ ಅದು ಅಲ್ಲೇ ಇತ್ತು.

ಬೈಕ್ ಹತ್ತುವಾಗ ಅವ್ವ ಅಂದಳು: "ಚೀಟಿ ಇದ್ದಕ್ಕಿ ಎದ್ದಳು, ಚೀಟಿ ಇಲ್ದುದು ಕುಂತದ ನೋಡು."

ಆಗ ನಕ್ಕುಬಿಟ್ಟೆ. ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿ ಪೂರ್ತಿ ಅದೇ ಮಾತು ಕಿವಿಯಲ್ಲಿ ಗುಂಯ್ ಅಂತಿತ್ತು.

*

ಒಂದು ಸಣ್ಣ ಲೆಕ್ಕ ಹಾಕೋಣ. ಮಾವಶಿಯ ಗೋಣಿತಾಟು ಹೆಚ್ಚೆಂದರೆ 4 ಅಡಿ ಉದ್ದ, 4 ಅಡಿ ಅಗಲ. ಅಂದರೆ 16 ಚದರ ಅಡಿ. ಒಂದು ಕಾರು ನಿಲ್ಲಿಸೋಕೆ ಸುಮಾರು 8 ಅಡಿ ಅಗಲ, 16 ಅಡಿ ಉದ್ದ ಬೇಕು. ಅಂದರೆ 128 ಚದರ ಅಡಿ. ಒಂದು ಕಾರಿನ ಜಾಗದಲ್ಲಿ ಎಂಟು ಮಾವಶಿಯರು ಕೂತು ಹೊಟ್ಟೆ ಹೊರೆಯಬಹುದು. ಎಂಟು ಜನ ಎಂಟು ಚೀಟಿ ತಗೋಬೇಕು. ಕಾರಿಗೆ ಚೀಟಿಯೇ ಇಲ್ಲ.

ತೈಬಜಾರಿ ಅನ್ನೋದು ನಿಜಾಮರ ಕಾಲದ ಪರಿಭಾಷೆಯಿಂದ ನಮ್ಮ ಕಡೆ ಉಳಿದುಕೊಂಡ ಮಾತು. ಬಜಾರದ ನೆಲಕ್ಕೆ ಕೊಡೋ ಬಾಡಿಗೆ ಅಂತ ಅರ್ಥ. ಎಷ್ಟೋ ಊರುಗಳಲ್ಲಿ ಇದರ ವಸೂಲಿ ಹಕ್ಕನ್ನ ಹರಾಜಿಗೆ ಹಾಕ್ತಾರೆ. ಗುತ್ತೇದಾರ ಒಂದಿಷ್ಟು ಗಂಟು ಕಟ್ಟಿ ಹಕ್ಕು ತಗೋತಾನೆ, ಅದಕ್ಕಿಂತ ಹೆಚ್ಚು ಎತ್ತಿದರೆ ಅವನ ಲಾಭ. ಕಟ್ಟಿದ ಗಂಟು ಎಲ್ಲಾ ಲೆಕ್ಕದ ಜೊತೆ ಕಲಸಿಹೋಗುತ್ತೆ. ಆ ದುಡ್ಡಿನಿಂದ ಮಾವಶಿಯ ತಲೆ ಮೇಲೆ ಒಂದು ತಗಡು ಬಂತಾ, ಕುಡಿಯೋಕೆ ಒಂದು ನಲ್ಲಿ ಬಂತಾ ಅಂತ ಕೇಳಿದರೆ ಉತ್ತರ ಹೇಳೋರಿಲ್ಲ.

ಅಂದರೆ ಬೀದಿಯ ನೆಲಕ್ಕೆ ಬೆಲೆ ಇದೆ ಅನ್ನೋದು ನಮಗೆ ಹೊಸ ವಿಷಯವೇನಲ್ಲ. ಆ ಬೆಲೆಯನ್ನ ಕೈಲಾಗದವರಿಂದ ಮಾತ್ರ ವಸೂಲಿ ಮಾಡ್ತಾ ಬಂದಿದ್ದೀವಿ, ಅಷ್ಟೆ.

*

ಆ ಪೇಟೆಯಲ್ಲೇ ನನ್ನ ಹಳೇ ಗೆಳೆಯನೊಬ್ಬನ ಬಟ್ಟೆ ಅಂಗಡಿ ಇದೆ. ಅವನ ಹತ್ತಿರ ಈ ವಿಷಯ ತೆಗೆದೆ.

"ಗಾಡಿ ನಿಂದ್ರಸ್ಲಾಕ ಜಾಗಾ ಇಲ್ಲಂದ್ರ ಗಿರಾಕಿ ನಿಂದ್ರತಾನೇನೋ? ಸೀದಾ ಬೀದರಕ್ಕ ಹೋಗ್ತಾನ. ಇಲ್ಲಂದ್ರ ಮನ್ಯಾಗ ಕುಂತು ಮೊಬೈಲ್‌ನ್ಯಾಗ ತರಸ್ಕೋತಾನ. ನಾವ್ ಬಾಡಿಗಿ ಎಲ್ಲಿಂದ ಕೊಡಬೇಕು?"

ಅವನ ಮಾತೂ ಸುಳ್ಳಲ್ಲ. ಆದರೆ ಅವನ ಅಂಗಡಿ ಮುಂದೆ ನಿಂತಿದ್ದ ಐದು ಬೈಕ್ ಯಾರವು ಅಂತ ಕೇಳಿದೆ. ಒಂದು ಅವನದು, ಒಂದು ತಮ್ಮನದು, ಮೂರು ಕೆಲಸದ ಹುಡುಗರವು. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಒಂಬತ್ತಕ್ಕೇ ಏಳೋದು. ಗಿರಾಕಿಯ ಜಾಗವನ್ನ ಅಂಗಡಿಯವರೇ ತಿಂದು, ಗಿರಾಕಿ ಬರ್ತಿಲ್ಲ ಅಂತ ಅಳೋದು! ಹೇಳಿದ್ದಕ್ಕೆ ತಲೆ ಕೆರೆದುಕೊಂಡ.

ಇದು ನಮ್ಮ ಪೇಟೆಯದೊಂದೇ ರೋಗ ಅಲ್ಲ. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1935ರ ಜುಲೈನಲ್ಲಿ ಬಂದದ್ದೇ ಈ ಕಾರಣಕ್ಕೆ. ಪೇಟೆಯಲ್ಲಿ ಕೆಲಸ ಮಾಡೋರ ಕಾರುಗಳೇ ದಿನವಿಡೀ ನಿಂತು ಗಿರಾಕಿಗಳಿಗೆ ಜಾಗ ಸಿಗ್ತಿಲ್ಲ ಅಂತ ವ್ಯಾಪಾರಿಗಳು ಗೋಳಾಡಿದರು. ಕಾರ್ಲ್ ಮ್ಯಾಗೀ ಅನ್ನೋ ಪತ್ರಕರ್ತ ಅದಕ್ಕೊಂದು ಯಂತ್ರ ಯೋಚಿಸಿದ. ಗಂಟೆಗೆ 5 ಸೆಂಟ್. ವ್ಯಾಪಾರ ಉಳಿಸೋಕೆ ಅಂತ ಶುರುವಾದದ್ದು ಅದು.

*

ಮೀಟರ್ ಹಾಕಿದರೆ ಮುಗೀತಾ? ಇಲ್ಲ. ದುಡ್ಡು ಎಲ್ಲಿ ಹೋಗುತ್ತೆ ಅನ್ನೋದರಲ್ಲೇ ಎಲ್ಲಾ ಇದೆ.

ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ಹಳೇ ಪೇಟೆ ಒಂದು ಕಾಲದಲ್ಲಿ ಪಾಳು ಬಿದ್ದಿತ್ತು. ಅಲ್ಲಿ ಮೀಟರ್ ಹಾಕ್ತೀವಿ ಅಂದಾಗ ಅಂಗಡಿಯವರು ಒಪ್ಪಲಿಲ್ಲ, ಇರೋ ಗಿರಾಕಿಯೂ ಓಡಿಹೋಗ್ತಾನೆ ಅಂದರು. ಆಗ ನಗರಾಡಳಿತ ಒಂದು ಮಾತು ಕೊಟ್ಟಿತು: ಈ ಮೀಟರುಗಳಲ್ಲಿ ಬಿದ್ದ ದುಡ್ಡು ಈ ಪೇಟೆಗೇ ಖರ್ಚಾಗುತ್ತೆ. ಗಂಟೆಗೆ ಒಂದು ಡಾಲರಿನಂತೆ 1993ರಲ್ಲಿ ಮೀಟರ್ ಬಂದವು. ಆ ಆದಾಯದ ಮೇಲೆ 50 ಲಕ್ಷ ಡಾಲರ್ ಸಾಲ ಎತ್ತಿ ಫುಟ್‌ಪಾತ್, ದೀಪ, ಮರ, ಗಲ್ಲಿಗಳನ್ನೆಲ್ಲ ಸರಿ ಮಾಡಿದರು. ಪೇಟೆಗೆ ಜನ ವಾಪಸ್ ಬಂದರು. 2025ರಲ್ಲಿ ತೀರಿಕೊಂಡ ಪ್ರೊಫೆಸರ್ ಡೊನಾಲ್ಡ್ ಶೂಪ್ ಪುಕ್ಕಟೆ ಪಾರ್ಕಿಂಗಿನ ಮೇಲೆ 2005ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದರು. ಸಾರ ಇಷ್ಟೇ: ಪುಕ್ಕಟೆ ಅಂತ ಯಾವುದೂ ಇಲ್ಲ, ಕಾರಿನವನು ಕೊಡದಿದ್ದರೆ ಇನ್ಯಾರೋ ಕೊಡ್ತಿರ್ತಾರೆ. ನಮ್ಮ ಅವ್ವ ಪುಸ್ತಕ ಬರೀಲಿಲ್ಲ, ಬೈಕ್ ಹತ್ತುವಾಗ ಒಂದು ಸಾಲಿನಲ್ಲಿ ಹೇಳಿಬಿಟ್ಟಳು :-)

ಕೆನಡಾದ ಟೊರಾಂಟೊದಲ್ಲಿ ಇನ್ನೊಂದು ದಾರಿ ಹುಡುಕಿದರು. ಬ್ಲೂರ್ ವೆಸ್ಟ್ ವಿಲೇಜ್ ಅನ್ನೋ ಬಡಾವಣೆಯ ಕೆಳಗೆ ಸುರಂಗ ರೈಲು ಬಂತು. ಮೇಲೆ ಟ್ರಾಮಿನಲ್ಲಿ ಓಡಾಡ್ತಿದ್ದ ಗಿರಾಕಿಗಳು ನೆಲದಡಿ ಮಾಯ ಆದರು, ಉಳಿದವರನ್ನ ಮಾಲ್‌ಗಳು ಎಳೆದುಕೊಂಡವು. ಅಂಗಡಿಯವರು ಚಂದಾ ಎತ್ತಿ ಬೀದಿ ಚೆಂದ ಮಾಡೋಣ ಅಂದರು. ಆದರೆ ಗೊತ್ತಲ್ಲ, ಹತ್ತು ಜನ ಕೊಡ್ತಾರೆ, ಇಪ್ಪತ್ತು ಜನ ಕೊಡದೇ ಅದೇ ದೀಪದ ಕೆಳಗೆ ವ್ಯಾಪಾರ ಮಾಡ್ತಾರೆ. ಹಾಗಾಗಿ ಒಂದು ಕಾನೂನು ಮಾಡಿಸಿಕೊಂಡರು: ಒಂದು ಬೀದಿಯ ವ್ಯಾಪಾರಿಗಳು ಒಪ್ಪಿ ತೀರ್ಮಾನ ಮಾಡಿದರೆ, ಆ ಬೀದಿಯ ಎಲ್ಲರೂ ತೆರಿಗೆ ಜೊತೆ ಆ ಪಾಲನ್ನೂ ಕಟ್ಟಬೇಕು. ಖರ್ಚು ಆ ಬೀದಿಯ ಮಂಡಳಿಯದು. ಅದು ಶುರುವಾದದ್ದು 1970ರಲ್ಲಿ. ಆಮೇಲೆ ಎಷ್ಟೋ ದೇಶಗಳು ಇದನ್ನ ನಕಲು ಹೊಡೆದವು.

ನಮ್ಮ ಬೆಂಗಳೂರಿನಲ್ಲೂ 2000ರ ದಶಕದಲ್ಲಿ ಬ್ರಿಗೇಡ್ ರಸ್ತೆಯ ಅಂಗಡಿಯವರ ಸಂಘವೇ ಪಾಲಿಕೆ ಜೊತೆ ಸೇರಿ ದುಡ್ಡು ಕೊಟ್ಟು ನಿಲ್ಲಿಸೋ ಪಾರ್ಕಿಂಗ್ ನಡೆಸಿತ್ತು. ಅಂಗಡಿಯವರು ಪಾರ್ಕಿಂಗ್ ಶುಲ್ಕಕ್ಕೆ ಯಾವಾಗಲೂ ಶತ್ರುಗಳು ಅನ್ನೋದು ಅಲ್ಲೇ ಸುಳ್ಳಾಯ್ತು.

*

"ಇದೆಲ್ಲ ಟೊರಾಂಟೊ, ಬೆಂಗಳೂರಿಗೆ ಸರಿ, ನಮ್ಮ ಭಾಲ್ಕಿ-ಔರಾದಿಗೆ ಎಲ್ಲಿಂದ ಬಂತು" ಅಂತೀರಾ? ತಡೀರಿ. ನಮ್ಮಲ್ಲಿ ಇದು ಮೊದಲಿಂದ ಇದೆ.

ಬೀದರಿನ ಗಾಂಧಿ ಗಂಜ್ ನೋಡಿ. ಊರೂರಿನ ಎಪಿಎಂಸಿ ಯಾರ್ಡು ನೋಡಿ. ರೈತ ತೊಗರಿ, ಉದ್ದು, ಸೋಯಾ ತರ್ತಾನೆ, ಖರೀದಿದಾರ ಮಾರುಕಟ್ಟೆ ಶುಲ್ಕ ಕಟ್ಟುತ್ತಾನೆ. ಬೋರ್ಡಿಗೆ ಹೋಗೋ ಪಾಲು ಬಿಟ್ಟರೆ ಆ ದುಡ್ಡು ಯಾರ್ಡಿನ ರಸ್ತೆ, ಕಟ್ಟೆ, ದೀಪ, ನೀರು, ರೈತರ ವಸತಿಗೃಹಕ್ಕೆ. ಎತ್ತಿನ ಬಂಡಿ, ಟ್ರ್ಯಾಕ್ಟರು, ಲಾರಿ ನಿಲ್ಲೋಕೆ ಜಾಗವೂ ಅದರಲ್ಲೇ. ಸಮಿತಿಯಲ್ಲಿ ರೈತರ, ವರ್ತಕರ ಚುನಾಯಿತ ಪ್ರತಿನಿಧಿಗಳು. ರಾಜ್ಯದಲ್ಲಿ ಇದಕ್ಕೆ 1966ರ ಕಾಯ್ದೆಯೇ ಇದೆ. ವ್ಯಾಪಾರ ನಡೆಯೋ ಜಾಗವನ್ನ ವ್ಯಾಪಾರದ ದುಡ್ಡಿನಿಂದಲೇ ಸರಿಯಾಗಿ ಇಡೋದು ಅಂದರೆ ಇದೇ ಅಲ್ವಾ?

ಈ ಗಂಜ್‌ನಲ್ಲೇ ಇನ್ನೊಂದು ಪಾಠವೂ ಇದೆ. 2020ರ ತಿದ್ದುಪಡಿ ಬಂದಾಗ ಸಮಿತಿಯ ಅಧಿಕಾರ ಯಾರ್ಡಿನ ಗೋಡೆಯೊಳಗೆ ಮಾತ್ರ ಅಂತಾಯ್ತು. ಹೊರಗೆ ಖರೀದಿ ಮಾಡಿದವನಿಗೆ ಆಗ ಶುಲ್ಕ ಇರಲಿಲ್ಲ. ನೂರು ರೂಪಾಯಿ ವಹಿವಾಟಿಗೆ ಒಂದೂವರೆ ರೂಪಾಯಿ ಇದ್ದ ಶುಲ್ಕವೂ 35 ಪೈಸೆಗೆ ಇಳಿದು, ಆಮೇಲೆ 60 ಪೈಸೆ ಆಯ್ತು. ಸಮಿತಿಗಳ ಆದಾಯ ಕುಸಿಯಿತು. ಕಾಯ್ದೆ ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ. ಒಬ್ಬ ಕೊಟ್ಟು ಪಕ್ಕದವನು ಕೊಡದೇ ಇರಬಹುದಾದರೆ ಆ ಪೆಟ್ಟಿಗೆ ತುಂಬೋದಿಲ್ಲ ಅನ್ನೋದಷ್ಟೇ ನನ್ನ ಮಾತು. ಟೊರಾಂಟೊದವರು ಕಾನೂನು ಕೇಳಿದ್ದೂ ಇದಕ್ಕೇ.

ಜಾತ್ರೆಗೆ ಊರಲ್ಲಿ ಮನೆಮನೆಗೆ ಪಟ್ಟಿ ಹಾಕ್ತಾರೆ. ಗಣಪತಿಗೆ ಪೇಟೆಯಲ್ಲಿ ವರ್ಗಣಿ ಎತ್ತುತ್ತಾರೆ. ಯಾರ ಅಂಗಡಿ ಎಷ್ಟು ದೊಡ್ಡದು, ಯಾರಿಂದ ಎಷ್ಟು ಕೇಳಬೇಕು ಅನ್ನೋದು ವರ್ಗಣಿ ಹುಡುಗರಿಗೆ ಯಾವ ಕಂದಾಯ ಅಧಿಕಾರಿಗಿಂತ ಚೆನ್ನಾಗಿ ಗೊತ್ತು :-) ಹನ್ನೊಂದು ದಿನದ ಪೆಂಡಾಲಿಗೆ ಕೊಡೋ ಕೈ, ವರ್ಷಪೂರ್ತಿ ಹೊಟ್ಟೆ ತುಂಬಿಸೋ ಬೀದಿಗೆ ಯಾಕೆ ಕೊಡಬಾರದು?

ಸುಮ್ಮನೆ ಒಂದು ಉದಾಹರಣೆ ತಗೊಳ್ಳೋಣ. ಪೇಟೆಯಲ್ಲಿ 200 ಅಂಗಡಿ ಇವೆ ಅಂದುಕೊಳ್ಳಿ. ದೊಡ್ಡವರು ಹೆಚ್ಚು, ಸಣ್ಣವರು ಕಡಿಮೆ, ಸರಾಸರಿ ದಿನಕ್ಕೆ 10 ರೂಪಾಯಿ. ಒಂದು ಚಹಾದ ದುಡ್ಡು. ದಿನಕ್ಕೆ 2,000, ತಿಂಗಳಿಗೆ 60,000, ವರ್ಷಕ್ಕೆ 7 ಲಕ್ಷದ ಮೇಲೆ. ಇದರ ಮೇಲೆ ಕಾರುಗಳಿಂದ ಗಂಟೆ ಲೆಕ್ಕದ ಶುಲ್ಕ. ಪೇಟೆ ಹಿಂದಿನ ಒಂದು ಖಾಲಿ ಜಾಗ ಬಾಡಿಗೆಗೆ ಹಿಡಿದು ಗಾಡಿ ನಿಲ್ಲಿಸೋಕೆ, ಕಾಯೋಕೆ ಒಬ್ಬ ಮನುಷ್ಯನನ್ನ ಇಡೋಕೆ, ಕಸ ಗುಡಿಸೋಕೆ, ದೀಪಕ್ಕೆ... ಶುರು ಮಾಡೋಕೆ ಇಷ್ಟು ಸಾಕು.

ಎಲ್ಲಕ್ಕಿಂತ ಮೊದಲು ಹೆಂಗಸರಿಗೆ ಒಂದು ಶೌಚಾಲಯ. ಬಜಾರಕ್ಕೆ ಹೊರಡೋ ದಿನ ಅವ್ವ ಬೆಳಿಗ್ಗೆಯಿಂದ ನೀರು ಕುಡಿಯೋದಿಲ್ಲ. ಯಾಕೆ ಅಂತ ನಾನು ಚಿಕ್ಕವನಿದ್ದಾಗ ಕೇಳಿದ್ದೆ, ಬೈಸಿಕೊಂಡಿದ್ದೆ. ಈಗ ಕೇಳೋ ಅವಶ್ಯಕತೆ ಇಲ್ಲ. ಗಿರಾಕಿಯಾಗಿ ಮೂರು ಗಂಟೆ ಇರೋ ಅವ್ವನದೇ ಈ ಕತೆ ಆದರೆ, ಬೆಳಗಿಂದ ಸಂಜೆ ತನಕ ಕೂರೋ ಮಾವಶಿಯದು?

*

ಇನ್ನು ತಕರಾರುಗಳು. ನನಗೂ ಇವೆ, ಮುಚ್ಚಿಡಲ್ಲ.

ಮೊದಲನೇದು, ನಂಬಿಕೆ. ಆಸ್ತಿ ತೆರಿಗೆ ಜೊತೆ ನಾವು 6 ಪರ್ಸೆಂಟ್ ಗ್ರಂಥಾಲಯ ಕರ ಕಟ್ಟುತ್ತೀವಿ. ಬೆಂಗಳೂರಿನ ಪಾಲಿಕೆ ಹೀಗೆ ಎತ್ತಿದ ದುಡ್ಡನ್ನ ಗ್ರಂಥಾಲಯ ಇಲಾಖೆಗೆ ಕೊಡದೇ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಬಂದಿಲ್ಲ? ಪುಸ್ತಕದ ಹೆಸರಲ್ಲಿ ಎತ್ತಿದ್ದು ಪುಸ್ತಕಕ್ಕೆ ಹೋಗದಿದ್ದರೆ, ಪಾರ್ಕಿಂಗ್ ಹೆಸರಲ್ಲಿ ಎತ್ತಿದ್ದು ಪಾರ್ಕಿಂಗಿಗೆ ಹೋಗುತ್ತೆ ಅಂತ ಯಾರು ನಂಬಬೇಕು? ಗೆಳೆಯನೂ ಇದನ್ನೇ ಅಂದ: "ಕೊಡ್ಲಾಕ ತಯಾರ್ ಇದ್ದೀನಿ. ಕೀಲಿ ಯಾರ ಕೈಯಾಗ ಇರ್ತದ ಹೇಳು."

ಎರಡನೇದು ಇದಕ್ಕಿಂತ ದೊಡ್ಡದು. ದುಡ್ಡು ಕೊಟ್ಟವನು ಮಾತೂ ನನ್ನದೇ ನಡೀಬೇಕು ಅಂತಾನೆ. ಅಂಗಡಿಯವರು ಪಟ್ಟಿ ಹಾಕಿಕೊಂಡು ಬೀದಿ ಚೆಂದ ಮಾಡಿದರೆ, ಅವರ ಕಣ್ಣಿಗೆ ಮೊದಲು ಕಾಣೋ 'ಕಸ' ಯಾವುದು? ಮಾವಶಿಯ ಗೋಣಿತಾಟು. ಬೇರೆ ದೇಶಗಳಲ್ಲೂ ಈ ಪದ್ಧತಿಯ ಮೇಲಿರೋ ದೊಡ್ಡ ದೂರು ಇದೇ. ಬೀದಿ ಥಳಥಳ ಅನ್ನುತ್ತೆ, ಬಡವರು ಮಾತ್ರ ಅಲ್ಲಿರಲ್ಲ. ಅವತ್ತು ಒಬ್ಬ ಕೆಲಸದ ಹುಡುಗ ಎಬ್ಬಿಸಿದ್ದನ್ನ ನಾಳೆ ಒಂದು ಮಂಡಳಿ ಠರಾವು ಮಾಡಿ ಎಬ್ಬಿಸಿದರೆ ನಾವು ಸುಧಾರಿಸಿದ್ದೇನು?

ಇದಕ್ಕೆ ಕಾನೂನಿನ ಆಧಾರ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಜನ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲಿ ಒಬ್ಬರು ಹೆಂಗಸರು. ಪೇಟೆಯ ಪೆಟ್ಟಿಗೆ ನೋಡಿಕೊಳ್ಳೋರಲ್ಲೂ ಇದೇ ಲೆಕ್ಕ ಇರಲಿ. ತೈಬಜಾರಿ ಕೊಡ್ತಾ ಬಂದವರು ಅವರು. ದುಡ್ಡು ಕೊಟ್ಟವರಿಗೆ ಮಾತು ಅನ್ನೋದಾದರೆ ಮೊದಲ ಮಾತು ಅವರದ್ದೇ ಆಗಬೇಕು, ಅಲ್ವಾ?

ಮೂರನೇದು: "ತೆರಿಗೆ ಕಟ್ಟುತ್ತೀವಲ್ಲ, ಮತ್ತೆ ಇದ್ಯಾಕೆ?" ನ್ಯಾಯವಾದ ಪ್ರಶ್ನೆ. ಚರಂಡಿ, ನೀರು, ರಸ್ತೆ ಸ್ಥಳೀಯ ಸಂಸ್ಥೆಯ ಕೆಲಸ. ಈ ಪಟ್ಟಿ ಬಂತು ಅಂತ ಅವರು ಕೈ ತೊಳೆದುಕೊಳ್ಳಬಾರದು. ಆದರೆ ನನ್ನ ಅಂಗಡಿಗೆ ಬರೋ ಗಿರಾಕಿಯ ಕಾರಿಗೆ ಜಾಗ ಮಾಡಿಕೊಡೋದು ಪೇಟೆಗೆ ಕಾಲೇ ಇಡದ, ಹೊಲದಲ್ಲಿ ಕಳೆ ಕೀಳೋ ಹೆಂಗಸಿನ ತೆರಿಗೆಯಿಂದ ಆಗಬೇಕಾ? ಲಾಭ ಯಾರಿಗೋ ಖರ್ಚು ಅವರದು. ಇಷ್ಟೇ ನನ್ನ ವಾದ.

ಹಾಗಾಗಿ ನನ್ನ ಪ್ರಕಾರ ಷರತ್ತುಗಳು ಇವು:

1. ಪಟ್ಟಿ ಅಂಗಡಿಯ ಅಗಲದ ಮೇಲೆ. ಪಾನ್ ಡಬ್ಬಿಗೂ ಮೂರಂತಸ್ತಿನ ಶೋರೂಮಿಗೂ ಒಂದೇ ರೇಟು ಬೇಡ.

2. ಮೊದಲು ಅಂಗಡಿಯವರ ಒಪ್ಪಿಗೆ. ಹೆಚ್ಚಿನವರು ಒಪ್ಪಿದ ಮೇಲೆ ಎಲ್ಲರೂ ಕೊಡಬೇಕು. ಕಾಯ್ದೆಯ ಬೆಂಬಲ ಇಲ್ಲದೇ ಇದು ಆಗಲ್ಲ.

3. ಗುತ್ತೇದಾರ ಬೇಡ. ಬೇರೆ ಖಾತೆ. ಪ್ರತಿ ತಿಂಗಳ ಜಮಾ-ಖರ್ಚು ಪೇಟೆಯ ನಡುವೆ ಬೋರ್ಡಿನ ಮೇಲೆ, ಎಲ್ಲರಿಗೂ ಓದೋಕೆ ಬರೋ ಹಾಗೆ.

4. ಅಂಗಡಿಯವರ ಮತ್ತು ಕೆಲಸದವರ ಗಾಡಿ ಹಿಂದಿನ ಜಾಗದಲ್ಲಿ. ಮುಂದಿನ ಜಾಗ ಗಿರಾಕಿಗೆ.

5. ಕಾರಿಗೆ ಗಂಟೆ ಲೆಕ್ಕದ ಶುಲ್ಕ. ಸೈಕಲ್ಲಿಗೆ ಇಲ್ಲ.

6. ಚೀಟಿ ಇದ್ದವಳನ್ನ ಯಾವ ಗಾಡಿಗಾಗಿಯೂ ಎಬ್ಬಿಸುವಂತಿಲ್ಲ.

ಆರನೇದು ಆಗದಿದ್ದರೆ ಉಳಿದ ಐದೂ ಬೇಡ ಅನ್ನೋನು ನಾನು.

*

ಕೊನೇದಾಗಿ ನಮ್ಮ ಸಾಯಗಾಂವಿನ ಮಾತು. ನಮ್ಮಂಥ ಹಳ್ಳಿಗೆ ಪಾರ್ಕಿಂಗ್ ಏನು ಅಂತ ನಗಬೇಡಿ. ನಾನು ಶಾಲೆಗೆ ಹೋಗ್ತಿದ್ದಾಗ ಬಸ್ ನಿಲ್ಲೋ ಜಾಗದಲ್ಲಿ ಒಂದು ಜೀಪು ನಿಂತರೆ ದೊಡ್ಡ ಸುದ್ದಿ. ಈಗ ಆಟೋ, ಬೈಕು, ಟ್ರ್ಯಾಕ್ಟರು ಸಾಲು ಸಾಲು. ಪೇಟೆಗಳು ಮಾಡಿದ ತಪ್ಪನ್ನ ನಾವು ಮಾಡೋ ಮೊದಲೇ ಯೋಚಿಸಬಹುದಲ್ಲ?

1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಸಂತೆ ಶುಲ್ಕ ಎತ್ತೋ ಅಧಿಕಾರ ಕೊಟ್ಟಿದೆ. ಬಸ್, ಟ್ಯಾಕ್ಸಿ, ಆಟೋ ನಿಲ್ದಾಣಕ್ಕೂ ಶುಲ್ಕ ಎತ್ತಬಹುದು. ಆದರೆ ನಿಲ್ದಾಣದ ಶುಲ್ಕಕ್ಕೆ ಒಂದು ಷರತ್ತಿದೆ: ಪ್ರಯಾಣಿಕರಿಗೆ ಸಾಕಷ್ಟು ಸೌಕರ್ಯ ಮಾಡಿಕೊಟ್ಟಿದ್ದರೆ ಮಾತ್ರ. ಮೊದಲು ನೆರಳು, ನೀರು; ಆಮೇಲೆ ಚೀಟಿ. ಎಷ್ಟು ಸರಳ ಮಾತು! ಇದನ್ನ ಬರೆದ ಪುಣ್ಯಾತ್ಮರು ಬಜಾರದ ಎಲ್ಲಾ ಚೀಟಿಗಳಿಗೂ ಅನ್ವಯಿಸಿದ್ದರೆ ನಾನು ಇಷ್ಟು ಉದ್ದ ಬರೆಯೋ ಕೆಲಸವೇ ಇರ್ತಿರಲಿಲ್ಲ.

ಮೊನ್ನೆ ಅವ್ವನಿಗೆ ಫೋನ್ ಮಾಡಿದಾಗ ಈ ವಿಷಯ ಬರೀತಿದ್ದೀನಿ ಅಂದೆ. ಬಹಳ ಖುಷಿ ಏನೂ ಪಡಲಿಲ್ಲ. "ಆ ಮಾವಶಿ ಮುಂದಿನ ಬಜಾರಕ್ಕ ಗಟಾರದ ಬಾಜೂಕ ಕುಂತಿದ್ಳು. ಅಲ್ಲೂ ಚೀಟಿ ತಗೊಂಡಾರ" ಅಂದಳು.

ನಿಮ್ಮ ಊರಿನ ಪೇಟೆಯಲ್ಲಿ ಹೇಗಿದೆ? ಶಿವಮೊಗ್ಗ, ಪುತ್ತೂರು, ಹಾಸನ, ಧಾರವಾಡದ ಕಡೆಯವರು ಹೇಳಿ. ಎಲ್ಲಾದರೂ ಅಂಗಡಿಯವರೇ ಕೂಡಿ ಇಂಥದ್ದು ಮಾಡಿ ನಡೆಸಿದ್ದಿದ್ದರೆ ದಯವಿಟ್ಟು ತಿಳಿಸಿ. ಬಟ್ಟೆ ಅಂಗಡಿ ಗೆಳೆಯನಿಗೆ ತೋರಿಸಬೇಕು. ಕೆಲಸದ ಹುಡುಗರ ಬೈಕನ್ನ ಹಿಂದೆ ನಿಲ್ಲಿಸೋಕೆ ಮಾತ್ರ ಅವನು ಈಗಾಗಲೇ ಒಪ್ಪಿದ್ದಾನೆ. ತನ್ನದನ್ನ ಇನ್ನೂ ಇಲ್ಲ :-)